ಕಾಲು ಟನ್ನಿನ ಜೀಪು, ಹದಿನಾಲ್ಕು ಮಂದಿ

ನಮ್ಮ ಜೀಪಿನ ಬಾನೆಟ್ ಎತ್ತಿದರೆ ಒಳಮೈಯಲ್ಲಿ ಅಪ್ಪಯ್ಯ ಬಿಳಿ ಪೇಂಟಿನಲ್ಲಿ ಬರೆದ ಸಾಲುಗಳು ಕಾಣುತ್ತವೆ. ಎಂಜಿನ್ ಆಯಿಲ್ ಬದಲಿಸಿದ ತಾರೀಕುಗಳು, ಕ್ಲಚ್ ಪ್ಲೇಟ್ ಹಾಕಿಸಿದ ತಿಂಗಳು, 1991ರ ಮಳೆಗಾಲದಲ್ಲಿ ಹಿಂದಿನ ಎಡಗಡೆ ಮೈನ್ ಪ್ಲೇಟ್ ಕಟ್ಟಾದದ್ದು, ಅದರ ಪಕ್ಕ 'ಒಂದು ಪ್ಲೇಟ್ ಜಾಸ್ತಿ' ಎಂಬ ಮೂರು ಪದ. ಶಾಕಪ್ ಬಗ್ಗೆ ಒಂದಕ್ಷರವೂ ಇಲ್ಲ. ಕಾಫಿ ಕೊಯ್ಲಿನ ಆಳುಲೆಕ್ಕದಿಂದ ಹಿಡಿದು ದನ ಗಬ್ಬವಾದ ದಿನದವರೆಗೆ ಎಲ್ಲವನ್ನೂ ಬರೆದಿಡುತ್ತಿದ್ದ ಮನುಷ್ಯ ಅವರು. ಅಂಥವರೇ ಬರೆಯಲಿಲ್ಲ ಅಂದರೆ, ಆ ಕಾಲದಲ್ಲಿ ನಮ್ಮ ಮಲೆನಾಡಿನ ಕಳಸದ ಕಡೆ ಶಾಕಪ್ ಅನ್ನುವುದು ಜೀಪಿನ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಶಾಕ್ ಅಬ್ಸಾರ್ಬರ್ ಎಂಬ ಉದ್ದ ಹೆಸರು ಗ್ಯಾರೇಜಿನವರ ಬಾಯಲ್ಲಿ ಸವೆದು ಶಾಕಪ್ ಆಗಿದೆ. ನಾನೂ ಹಾಗೇ ಬರೆಯುತ್ತೇನೆ. ಪ್ಲೇಟು ಅಂದರೆ ಸ್ಪ್ರಿಂಗಿನ ಕಮಾನಿನಲ್ಲಿ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿ. ಹೋದ ವರ್ಷ ಈ ಜೀಪಿಗೆ, 1989ರಲ್ಲಿ ಅಪ್ಪಯ್ಯ ತಂದ ಎಂಎಂ 540ಕ್ಕೆ, ನಾಲ್ಕೂ ಶಾಕಪ್ ಹೊಸದು ಹಾಕಿಸಲು ಹೊರಟೆ. ಒಂದು ಬೆಳಗಿನ ಕೆಲಸ ಅಂದುಕೊಂಡಿದ್ದೆ, ಆರು ತಿಂಗಳು ಹಿಡಿಯಿತು. ಯಾವ ಶಾಕಪ್ ಎಂದು ತೀರ್ಮಾನಿಸುವ ಮೊದಲು ಕೆಳಗಿರುವ ಪ್ಲೇಟು ಯಾವುದು, ಅದನ್ನು ಹಾಕಿಸಿದವರು ಯಾರು, ಏನನ್ನು ಹೊರಲಿಕ್ಕೆ ಹಾಕಿಸಿದರು ಎಂದು ಕೇಳಬೇಕಾಯಿತು. ಕೇಳುತ್ತ ಹೋದ ಹಾಗೆ ನಮ್ಮ ಸೀಮೆಯ ಜೀಪಿನ ಹಳೇ ಕತೆಯೆಲ್ಲ ಆ ಚಾಸಿ ಕೆಳಗಿನಿಂದಲೇ ಹೊರಗೆ ಬಂತು.

ಜೀಪು ಹುಟ್ಟಿದ್ದು ಯುದ್ಧಕ್ಕೆ. 1941ರಿಂದ 1945ರವರೆಗೆ ವಿಲ್ಲೀಸ್ ಮತ್ತು ಫೋರ್ಡ್ ಕಾರ್ಖಾನೆಗಳು ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ಕಟ್ಟಿದವು. ಅಮೆರಿಕದ ಸೈನ್ಯದ ಕಡತದಲ್ಲಿ ಅದು ಕಾಲು ಟನ್ನಿನ ಟ್ರಕ್ಕು. ಹೊರಬೇಕಾದ ಭಾರ 800 ಪೌಂಡು, ಅಂದರೆ 360 ಕಿಲೋಗೆ ಸ್ವಲ್ಪ ಮೇಲೆ. ಆ ಭಾರಕ್ಕೆ ತಕ್ಕಂತೆ ಮುಂದಿನ ಕಮಾನಿಗೆ 8 ಪ್ಲೇಟು, ಹಿಂದಿನದಕ್ಕೆ 9. ಪ್ರತಿ ಚಕ್ರಕ್ಕೂ ಎಣ್ಣೆ ತುಂಬಿದ ಒಂದು ಶಾಕಪ್. ಕಮಾನು ಭಾರ ಹೊರುತ್ತದೆ. ಗುಂಡಿಗೆ ಬಿದ್ದು ಕುಗ್ಗಿದ ಕಮಾನು ಮತ್ತೆ ಚಿಮ್ಮುವಾಗ ಅದನ್ನು ಹಿಡಿದು ನಿಧಾನ ಮಾಡುವುದು ಶಾಕಪ್ಪಿನ ಕೆಲಸ. ಒಂದಕ್ಕೆ ಇನ್ನೊಂದನ್ನು ನೋಡಿ ಅಳತೆ ಮಾಡಿದ ಜೋಡಿ ಅದು.

ಯುದ್ಧ ಮುಗಿದ ಮೇಲೆ ಮಿಲಿಟರಿಗೆ ಬೇಡವಾದ ಜೀಪುಗಳು ಹರಾಜಿಗೆ ಬಂದವು. ನಮ್ಮ ಹಿರಿಯರು ಅವನ್ನು ಡಿಸ್ಪೋಸಲ್ ಜೀಪು ಅನ್ನುತ್ತಿದ್ದರು. ನಾನು ಹತ್ತಿದ ಮೊದಲ ಜೀಪು ಅಂಥದ್ದೇ, ಪಕ್ಕದ ಎಸ್ಟೇಟಿನದು. ಸ್ಟಿಯರಿಂಗ್ ಎಡಗಡೆ ಇತ್ತು. ಘಾಟಿಯಲ್ಲಿ ಎದುರಿಗೆ ಲಾರಿ ಬಂದರೆ ಬಲಗಡೆ ಕೂತವನು ಇಣುಕಿ ನೋಡಿ ಹೇಳಬೇಕಿತ್ತು. ಇತ್ತ 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಶುರುವಾದ ಮಹೀಂದ್ರ ಅಂಡ್ ಮೊಹಮ್ಮದ್ ಕಂಪನಿಯ ಪಾಲುದಾರ ಗುಲಾಂ ಮೊಹಮ್ಮದ್ ದೇಶ ವಿಭಜನೆಯಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಮುಂಬಯಿಯ ಮಜಗಾಂವ್‌ನಲ್ಲಿ ಬಿಡಿಭಾಗ ಜೋಡಿಸಿ ಜೀಪು ಕಟ್ಟುವ ಕೆಲಸ ನಡೆಯಿತು. ಮುಂದೆ ಬಂದ ಎತ್ತರ ಮೂತಿಯ ಸಿಜೆ 3ಬಿ ಜೀಪನ್ನು ನಮ್ಮ ತಲೆಮಾರಿನವರೆಲ್ಲ ನೋಡಿದ್ದೇವೆ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಹಳ್ಳಿಗಳಿಗೆ ಸರಕಾರ ಅಂದರೆ ಬ್ಲಾಕ್ ಡೆವಲಪ್‌ಮೆಂಟ್ ಆಫೀಸರರ ಬಿಡಿಓ ಜೀಪು ಎಂದಾಯಿತು. ಜೀಪು ಬಂತು ಅಂದರೆ ಸರಕಾರ ಬಂತು.

ಆದರೆ ಮಲೆನಾಡಿನಲ್ಲಿ ಜೀಪು ಸಾಹೇಬರ ಗಾಡಿಯಾಗಿ ಉಳಿಯಲಿಲ್ಲ, ಬಸ್ಸಾಯಿತು. ಬಸ್ಸು ಹೋಗದ ಮಣ್ಣುದಾರಿಗೆಲ್ಲ ಟ್ರಿಪ್ ಜೀಪು ಹೋಗುತ್ತಿತ್ತು. ಕಳಸ ಪೇಟೆಯಲ್ಲಿ ನಿಂತು ಸಂಸೆ, ಹೊರನಾಡು, ಬಾಳೆಹೊಳೆ ಎಂದು ಕೂಗಿ ಜನ ತುಂಬುತ್ತಿದ್ದರು. ಡ್ರೈವರನ ಬಲಪಕ್ಕಕ್ಕೂ ಒಬ್ಬ ಕೂರುತ್ತಿದ್ದ, ಅರ್ಧ ದೇಹ ಹೊರಗೆ. ಎಡಗಡೆ ಮೂವರು. ಹಿಂದೆ ಎದುರುಬದುರು ಬೆಂಚಿನಲ್ಲಿ ಎಂಟು ಮಂದಿ, ಬಂಪರ್ ಮೇಲೆ ನಿಂತವರು ಬೇರೆ. ಹದಿನಾಲ್ಕು ಮಂದಿ ಆಗದೆ ಜೀಪು ಹೊರಡುತ್ತಿರಲಿಲ್ಲ. ಮೇಲೆ ಅಕ್ಕಿಮೂಟೆ, ಗೊಬ್ಬರದ ಚೀಲ, ಒಮ್ಮೊಮ್ಮೆ ಕುರಿ. ತಲೆಗೆ 55 ಕಿಲೋ ಎಂದು ಹಿಡಿದರೂ ಜನರದ್ದೇ 770 ಕಿಲೋ. ಕಾಲು ಟನ್ನು ಹೊರಲೆಂದು ಹುಟ್ಟಿದ ಜಾತಿಯ ಗಾಡಿ ದಿನಾಲೂ ಮುಕ್ಕಾಲು ಟನ್ನು ಹೊರುತ್ತಿತ್ತು. ಭದ್ರೆ ಉಕ್ಕಿ ಹೆಬ್ಬಾಳೆಯ ಹಳೇ ಸೇತುವೆ ಮುಳುಗಿದ ದಿನ ಈಚೆ ದಡದಲ್ಲೊಂದು, ಆಚೆ ದಡದಲ್ಲೊಂದು ಜೀಪು ಕಾಯುತ್ತಿದ್ದವು. ಹೆರಿಗೆನೋವಿನ ಹೆಂಗಸರು, ಹಾವು ಕಚ್ಚಿದವರು, ಹೆಣ, ಎಲ್ಲವೂ ಜೀಪಿನಲ್ಲೇ. ಈ ಜೀಪುಗಳನ್ನು ಅಪಾಯದ ಗಾಡಿ ಎಂದು ಈಗ ಸುಲಭವಾಗಿ ಹೇಳಿಬಿಡುತ್ತಾರೆ. ಅಪಾಯ ಇತ್ತು, ನಿಜ. ನನ್ನ ತಂಗಿ ಜೀವಂತ ಹುಟ್ಟಿದ್ದೂ ಅಂಥದ್ದೊಂದು ಜೀಪು ಆ ರಾತ್ರಿ ಬಂದದ್ದರಿಂದ.

ಅಷ್ಟು ಭಾರಕ್ಕೆ ಗಾಡಿ ಹಿಂದೆ ಕೂತುಬಿಡುತ್ತದೆ. ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ. ಅದಕ್ಕೆ ನಮ್ಮವರು ಕಂಡುಕೊಂಡ ಮದ್ದು ಒಂದೇ: ಇನ್ನೊಂದು ಪ್ಲೇಟು. 1973ರ ಆಚೆಗೆ ಪೆಟ್ರೋಲಿನ ಬೆಲೆ ಏರಿದಾಗ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸುವ ಕಸುಬು ಊರೂರಲ್ಲಿ ಬೆಳೆಯಿತು. ಡೀಸೆಲ್ ಎಂಜಿನ್ ತೂಕದ್ದು. ಆಗ ಮೂತಿಯೂ ಕೂತಿತು, ಮುಂದಕ್ಕೂ ಒಂದು ಪ್ಲೇಟು ಬಿತ್ತು. ಆಮೇಲೆ ಎಂಎಂ 540ರಂಥ ಗಾಡಿಗಳು 2112 ಸಿಸಿಯ ಪ್ಯೂಜೋ ಡೀಸೆಲ್ ಎಂಜಿನ್ ಹೊತ್ತೇ ಬಂದವು. ಸಿಜೆ 3ಬಿಗೆ 80 ಇಂಚು ಇದ್ದ ಚಕ್ರದಿಂದ ಚಕ್ರದ ಅಂತರ ಇದಕ್ಕೆ 91 ಇಂಚು. ಜಾಗ ಹೆಚ್ಚಿದ್ದಕ್ಕೆ ಇನ್ನಿಬ್ಬರು ಹತ್ತಿದರು, ಅಷ್ಟೆ.

ಪ್ಲೇಟಿನ ಕೆಲಸ ನಡೆಯುತ್ತಿದ್ದದ್ದು ಗ್ಯಾರೇಜಿಗಿಂತ ಹೆಚ್ಚಾಗಿ ಆಚಾರಿಯ ಕುಲುಮೆಯಲ್ಲಿ. ಹುಡುಗನಾಗಿದ್ದಾಗ ನಾನು ತಿದಿ ಒತ್ತುತ್ತ ಕೂತು ನೋಡಿದ್ದೇನೆ. ಚಪ್ಪಟೆಯಾದ ಪ್ಲೇಟನ್ನು ಕೆಂಡದಲ್ಲಿ ಹಣ್ಣಾಗಿಸಿ, ಅಡಿಗಲ್ಲಿನ ಮೇಲೆ ಬಡಿದು ಕಮಾನು ಏರಿಸುತ್ತಿದ್ದರು. ಮತ್ತೆ ಕೆಂಪಗೆ ಕಾಯಿಸಿ ಸುಟ್ಟ ಎಂಜಿನ್ ಆಯಿಲ್ ತುಂಬಿದ ತಗಡಿನ ತೊಟ್ಟಿಗೆ ಅದ್ದುತ್ತಿದ್ದರು. ನೀರಿಗೆ ಅದ್ದಿದರೆ ಗಾಜಿನ ಹಾಗಾಗುತ್ತದೆ, ಮೊದಲ ಗುಂಡಿಗೇ ಕಟ್ಟಾಗುತ್ತದೆ. ಅಲ್ಲಿಗೂ ಮುಗಿಯಲಿಲ್ಲ. ಎಣ್ಣೆ ಮೆತ್ತಿದ ಪ್ಲೇಟನ್ನು ಕೆಂಡದ ಮೇಲೆ ಹಿಡಿದು ಆಚೀಚೆ ಆಡಿಸುತ್ತಿದ್ದರು. ಮೈಮೇಲಿನ ಎಣ್ಣೆ ಹೊಗೆಯಾಡಿ, ತಾನಾಗಿ ಭಗ್ಗನೆ ಹತ್ತಿ ಉರಿದುಹೋಗುವ ಗಳಿಗೆ ಬಂದಾಗ ತೆಗೆದು ಬೂದಿಯಲ್ಲಿಡುತ್ತಿದ್ದರು. ಗಡಸು ಇಳಿದು ಸ್ಪ್ರಿಂಗಿನ ಹದ ಬರುವುದು ಆ ಉರಿಯಲ್ಲಿ. ಯಾವ ಮೀಟರೂ ಇಲ್ಲದೆ, ಎಣ್ಣೆ ಹತ್ತಿಕೊಳ್ಳುವ ಶಾಖವನ್ನೇ ಅಳತೆ ಮಾಡಿಕೊಂಡ ಆ ಬುದ್ಧಿಗೆ ಇವತ್ತೂ ನನ್ನ ನಮಸ್ಕಾರ. ಕಟ್ಟಾದ ಪ್ಲೇಟು ಅದೇ ಕುಲುಮೆಯಲ್ಲಿ ಕತ್ತಿಯಾಗುತ್ತಿತ್ತು. ಮಲೆನಾಡಿನಲ್ಲಿ ಒಳ್ಳೇ ಕತ್ತಿ ಅಂದರೆ ಪ್ಲೇಟಿನ ಕತ್ತಿ. ನಮ್ಮನೆ ಸೊಪ್ಪಿನ ಕತ್ತಿ ಯಾವುದೋ ಜೀಪು ಹೊತ್ತ ಭಾರ ಹೊತ್ತದ್ದೇ.

ಇಷ್ಟೆಲ್ಲದರ ನಡುವೆ ಶಾಕಪ್ ಎಲ್ಲಿ ಹೋಯಿತು? ಸೋರಿ ಖಾಲಿಯಾಯಿತು. ಮೊದಲು ಎಣ್ಣೆ ಜಿನುಗುತ್ತದೆ, ಆಮೇಲೆ ಬುಷ್ ಹೋಗಿ ಟಕಟಕ ಸದ್ದು ಶುರುವಾಗುತ್ತದೆ. ಸದ್ದು ಕಿರಿಕಿರಿ ಎಂದು ಕಳಚಿ ಮನೆ ಹಿಂದೆ ಎಸೆಯುತ್ತಿದ್ದರು. ಕಳಚಿದರೂ ಜೀಪು ಓಡುತ್ತಿತ್ತಲ್ಲ ಎಂದರೆ, ಅದಕ್ಕೆ ಕಾರಣವಿದೆ. ಪ್ಲೇಟಿನ ಮೇಲೆ ಪ್ಲೇಟು ಉಜ್ಜಿ ಉಜ್ಜಿಯೇ ಕುಣಿತ ಎಷ್ಟೋ ಇಳಿಯುತ್ತದೆ. ನಮ್ಮ ಮಳೆಗೆ ನಡುವೆ ತುಕ್ಕು ಕೂತರೆ ಇನ್ನೂ ಬಿಗಿ. ಅದರ ಮೇಲೆ ಹದಿನಾಲ್ಕು ಮಂದಿಯ ಭಾರ. ಗಂಟೆಗೆ ಇಪ್ಪತ್ತು ಕಿಲೋಮೀಟರಿನಲ್ಲಿ ಎರಡನೇ ಗೇರಲ್ಲಿ ಹತ್ತುವ ಗಾಡಿಗೆ ಅಷ್ಟು ಸಾಕಿತ್ತು.

ಜೀಪಿಗೂ ಹಿಂದೆ, ಮೋಟಾರು ಕಾರು ಹುಟ್ಟಿದ ಕಾಲದಲ್ಲೂ ಉಜ್ಜಾಟವೇ ಸಾಕು ಎಂಬ ಇದೇ ನಂಬಿಕೆಯಿತ್ತು. ಮೊದಲ ಶಾಕಪ್‌ಗಳು ಎಣ್ಣೆಯವಲ್ಲ, ಉಜ್ಜುವಂಥವು. ಫ್ರಾನ್ಸಿನ ಟ್ರುಫೋ ಎಂಬಾತ ಮಾಡಿದ, ಅಮೆರಿಕದಲ್ಲಿ ಹಾರ್ಟ್‌ಫರ್ಡ್ ಹೆಸರಿನಲ್ಲಿ ಮಾರಾಟವಾದ ಸಾಧನದಲ್ಲಿ ಎರಡು ತೋಳುಗಳ ನಡುವೆ ಬಿಲ್ಲೆಗಳನ್ನು ಬೋಲ್ಟು ಹಾಕಿ ಬಿಗಿದಿರುತ್ತಿದ್ದರು. ತೋಳು ಆಡಿದಂತೆ ಬಿಲ್ಲೆ ಉಜ್ಜಿ ಕುಣಿತ ತಗ್ಗುತ್ತಿತ್ತು. ಅದರ ತೊಂದರೆ ಏನೆಂದರೆ, ಸಣ್ಣ ಕಲ್ಲಿಗೂ ದೊಡ್ಡ ಗುಂಡಿಗೂ ಒಂದೇ ಬಿಗಿ. ಎಣ್ಣೆಯ ಗುಣ ಬೇರೆ. ಸಣ್ಣ ತೂತಿನಲ್ಲಿ ನಿಧಾನಕ್ಕೆ ಒತ್ತಿದರೆ ಸುಮ್ಮನೆ ಹಾದುಹೋಗುತ್ತದೆ, ಜೋರಾಗಿ ಒತ್ತಿದರೆ ಅಷ್ಟೇ ಜೋರಾಗಿ ತಡೆಯುತ್ತದೆ. ಫ್ರಾನ್ಸಿನ ಊಡೈ ಇದನ್ನು ಹಿಡಿದು ಎಣ್ಣೆಯ ಶಾಕಪ್ ಮಾಡಿದ. ಈಗ ನಾವು ನೋಡುವ ಕೊಳವೆಯಾಕಾರದ ಶಾಕಪ್ಪಿನ ಒಳಗೆ ಪಿಸ್ಟನ್ನು, ಅದರಲ್ಲಿ ತೂತು, ತೂತಿನ ಬಾಯಿಗೆ ತೆಳು ಉಕ್ಕಿನ ಬಿಲ್ಲೆ. ಒಳಗೆ ಹೋಗುವಾಗ ಸಡಿಲ, ಹೊರಗೆ ಬರುವಾಗ ಬಿಗಿ. ಚಕ್ರ ಕಲ್ಲು ಹತ್ತುವಾಗ ದಾರಿ ಬಿಡಬೇಕು, ಕುಗ್ಗಿದ ಕಮಾನು ಚಿಮ್ಮುವಾಗ ಹಿಡಿದುಕೊಳ್ಳಬೇಕು.

ಇನ್ನೊಂದು ಹೆಜ್ಜೆ ಇಟ್ಟವನು ಫ್ರಾನ್ಸಿನವನೇ ಆದ ದ ಕಾರ್ಬೋನ್. ಎರಡು ಕೊಳವೆಯ ಹಳೇ ಶಾಕಪ್ಪಿನಲ್ಲಿ ಎಣ್ಣೆಯ ಜೊತೆ ಗಾಳಿಯೂ ಇರುತ್ತದೆ. ಸಾಲುಸಾಲು ಕೊರಕಲಿನಲ್ಲಿ ಹೊತ್ತು ಓಡಿಸಿದರೆ ಎರಡೂ ಕಲಸಿ ನೊರೆಯಾಗುತ್ತವೆ, ನೊರೆಗೆ ತಡೆಯುವ ಶಕ್ತಿ ಇಲ್ಲ. ಈತ ಒಂದೇ ಕೊಳವೆಯಲ್ಲಿ ಎಣ್ಣೆ ಒಂದು ಕಡೆ, ಒತ್ತಡದ ನೈಟ್ರೋಜನ್ ಇನ್ನೊಂದು ಕಡೆ, ನಡುವೆ ತೇಲುವ ಬಿರಡೆ ಇಟ್ಟ. 1950ರ ದಶಕದಲ್ಲಿ ಜರ್ಮನಿಯ ಬಿಲ್‌ಸ್ಟೈನ್ ಅದನ್ನು ಮರ್ಸಿಡಿಸ್ ಕಾರುಗಳಿಗೆ ಒಯ್ಯಿತು. ನಮ್ಮ ದೇಶದಲ್ಲಿ 1961ರಲ್ಲಿ ಗೇಬ್ರಿಯಲ್ ಇಂಡಿಯಾ ಶುರುವಾಯಿತು. ನಮ್ಮ ಕಡೆಯ ಸ್ಪೇರ್ ಅಂಗಡಿಗಳಲ್ಲಿ ಆ ಹೆಸರೇ ಶಾಕಪ್ಪಿನ ಇನ್ನೊಂದು ಹೆಸರು ಅನ್ನುವಷ್ಟು ಬಳಕೆಗೆ ಬಂತು.

1994ರಲ್ಲಿ ಬ್ರೆಜಿಲಿನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಅಲ್ಲಿನ ಕಾಫಿಗಿಡ ಸುಟ್ಟುಹೋದವು, ಇಲ್ಲಿ ಕಾಫಿಗೆ ಕಂಡರಿಯದ ಬೆಲೆ ಬಂತು. ನಮ್ಮೂರಿಗೆ ಜಿಪ್ಸಿ ಬಂತು, ಅರ್ಮಡಾ ಬಂತು. ಹಳೇ ಜೀಪುಗಳು ಟ್ರಿಪ್ ಹೊಡೆಯುವವರ ಕೈಗೆ ಹೋದವು. ಅಪ್ಪಯ್ಯ ನಮ್ಮದನ್ನು ಮಾರಲಿಲ್ಲ, ನಾಲ್ಕು ವರ್ಷ ಒಬ್ಬರಿಗೆ ಬಾಡಿಗೆಗೆ ಕೊಟ್ಟರು. 2000ದ ಆಚೆಗೆ ಡಾಂಬರು ಹಳ್ಳಿಗಳ ಒಳಗೂ ಬಂತು, ಮನೆಮನೆಗೆ ಬೈಕು ಬಂತು, ಟ್ರಿಪ್ ಕಡಿಮೆಯಾಯಿತು. ಜೀಪು ಮನೆಗೆ ವಾಪಸಾಯಿತು, ಟ್ರಿಪ್ಪಿನ ಪ್ಲೇಟುಗಳ ಸಮೇತ.

ಈ ಕೊನೆಯ ಮಾತು ನನಗೆ ಗೊತ್ತಿರಲಿಲ್ಲ. ಗಾಡಿ ಎತ್ತಿ ಹಾಕುತ್ತದೆ, ಸೊಂಟ ನೋಯುತ್ತದೆ, ಆದ್ದರಿಂದ ಶಾಕಪ್ ಹೋಗಿದೆ ಎಂದು ನಾನು ತೀರ್ಮಾನಿಸಿದೆ. ಹೋಗಿತ್ತು ಕೂಡ, ಕೈಯಲ್ಲಿ ಒತ್ತಿದರೆ ತಡೆಯೇ ಇಲ್ಲದೆ ಒಳಗೆ ಹೋಗುತ್ತಿತ್ತು. ಬೆಂಗಳೂರಿನ ಒಂದು ಅಂಗಡಿಯಲ್ಲಿ ಇದ್ದದ್ದರಲ್ಲಿ ಗಟ್ಟಿಯಾದದ್ದು, ಉದ್ದವಾದದ್ದು, ದುಬಾರಿಯಾದದ್ದು ತಂದೆ. ಘಾಟಿ ದಾರಿಗೆ ಗಟ್ಟಿಯೇ ಬೇಕು ಎಂದು ಅಂಗಡಿಯವರೂ ಹೇಳಿದರು, ನಾನೂ ನಂಬಿದೆ. ಹಾಕಿಸಿದ ಮೇಲೆ ಜೀಪು ಮರದ ಗಾಡಿಯಾಯಿತು. ಸಣ್ಣ ಕಲ್ಲಿಗೂ ಹಿಂದಿನ ಚಕ್ರ ನೆಲ ಬಿಟ್ಟು ಹಾರುತ್ತಿತ್ತು. ಮೂರನೇ ವಾರ ಸಂಸೆಯಿಂದ ವಾಪಸು ಬರುವಾಗ ಒಂದು ಮೋರಿಯ ಹತ್ತಿರ ಫಟ್ಟನೆ ಸದ್ದು. ಇಳಿದು ನೋಡಿದರೆ ಮುಂದಿನ ಬಲಗಡೆ ಶಾಕಪ್ಪಿನ ಮೇಲಿನ ಪಿನ್ನು ಹಿಡಿದಿದ್ದ ಬ್ರಾಕೆಟ್ ಚಾಸಿಯಿಂದ ಬಿರಿದಿತ್ತು. ಬಾಡಿಗೆಯ ನಾಲ್ಕು ವರ್ಷ ಹದಿನಾಲ್ಕು ಮಂದಿಗೆ ಬಿರಿಯದ ಚಾಸಿ ನಾನೊಬ್ಬ ಕೂತಿದ್ದಾಗ ಬಿರಿಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ವೆಲ್ಡಿಂಗಿಗೆ ಹೋದಾಗ ಅಲ್ಲಿನ ಹಳೇ ಮೇಸ್ತ್ರಿ ಶಾಕಪ್ಪಿನ ಕಡೆ ನೋಡಲೂ ಇಲ್ಲ. ಕೆಳಗೆ ಮಲಗಿ ಪ್ಲೇಟು ಎಣಿಸಿದರು. ಎದ್ದು ಕೇಳಿದ್ದು ಒಂದೇ ಮಾತು: "ಈಗ ಗಾಡಿ ತುಂಬಿ ಓಡ್ತದೋ, ಖಾಲಿ ಓಡ್ತದೋ?"

ಇಬ್ಬರು, ಒಂದೆರಡು ಗೊಬ್ಬರದ ಚೀಲ ಅಂದೆ.

"ಹಂಗಾದ್ರೆ ಮೊದ್ಲು ಪ್ಲೇಟ್ ಇಳ್ಸಿ. ಶಾಕಪ್ ಮಾತು ಆಮೇಲೆ."

ಹಿಂದೆ ಎರಡೂ ಕಡೆ ಕಂಪನಿಯ ಲೆಕ್ಕಕ್ಕಿಂತ ಎರಡೆರಡು ಪ್ಲೇಟು ಹೆಚ್ಚಿದ್ದವು. ಒಂದು ಅಪ್ಪಯ್ಯ ಬರೆದದ್ದು. ಇನ್ನೊಂದರ ಬಾಗು ಬೇರೆ, ದಪ್ಪ ಬೇರೆ, ಬೇರೆ ಯಾವುದೋ ಗಾಡಿಯದು. ಬಾಡಿಗೆಗೆ ಓಡಿಸಿದವರು ಈಗಲೂ ಊರಲ್ಲಿದ್ದಾರೆ, ಹೋಗಿ ಕೇಳಿದೆ. ಹೊರನಾಡಿನ ಜಾತ್ರೆಗೆ ಹಾಕಿಸಿದ್ದು ಎಂದರು. "ಟೈರ್ ಉಜ್ತಿತ್ತು ಮಾರಾಯ್ರೆ. ನಿಮ್ಮಪ್ಪಯ್ಯಂಗೆ ಹೇಳ್ಳಿಲ್ಲ, ಬೈತಾರೆ ಅಂತ." ಅವರ ಮುಖದಲ್ಲಿ ಇಪ್ಪತ್ತೇಳು ವರ್ಷದ ಹಳೇ ಅಂಜಿಕೆ ಇನ್ನೂ ಇತ್ತು.

ಆಗ ಲೆಕ್ಕ ಹತ್ತಿತು. ಪ್ಲೇಟು ಹೆಚ್ಚಿದಷ್ಟೂ ಕಮಾನು ಬಿಗಿ, ಚಿಮ್ಮುವ ರಭಸ ಹೆಚ್ಚು. ಮುಕ್ಕಾಲು ಟನ್ನು ಮೇಲಿದ್ದಾಗ ಆ ಬಿಗಿಗೆ ಅರ್ಥವಿತ್ತು. ಭಾರ ಹೋಯಿತು, ಬಿಗಿ ಉಳಿಯಿತು. ಅದರ ಮೇಲೆ ನಾನು ಗಟ್ಟಿ ಶಾಕಪ್ ಹಾಕಿ ಇದ್ದ ಅಲ್ಪಸ್ವಲ್ಪ ಆಟವನ್ನೂ ಕಟ್ಟಿಹಾಕಿದೆ. ಹಿಂದಕ್ಕೆ ಎರಡೆರಡು ಪ್ಲೇಟು ಇಳಿಸಿ, ಉಳಿದವನ್ನು ಬಿಡಿಸಿ, ತುಕ್ಕು ಉಜ್ಜಿ, ಗ್ರೀಸು ಸವರಿ, ಹೊಸ ಸೆಂಟರ್ ಬೋಲ್ಟು ಹಾಕಿ ಕಟ್ಟಿದೆವು. ಒಂದು ವಾರ ಹಾಗೇ ಓಡಿಸಿ ಕೂರಲು ಬಿಟ್ಟೆವು.

ಆಮೇಲೆ ಅಳತೆ. ಇದನ್ನು ಬಿಡಿಸಿ ಹೇಳುತ್ತೇನೆ, ಹಳೇ ಗಾಡಿ ಇಟ್ಟುಕೊಂಡವರು ಇಲ್ಲೇ ದುಡ್ಡು ಕಳೆದುಕೊಳ್ಳುವುದು. ಚಾಸಿಗೆ ಜಾಕ್ ಕೊಟ್ಟು ಚಕ್ರ ಪೂರ್ತಿ ಇಳಿಬಿಟ್ಟಾಗ ಶಾಕಪ್ಪಿನ ಮೇಲಿನ ಪಿನ್ನಿನಿಂದ ಕೆಳಗಿನ ಪಿನ್ನಿಗೆ ಮುಂದೆ ಹದಿನೇಳೂವರೆ ಇಂಚು ಬಂತು. ಆಮೇಲೆ ಒಂದು ಚಕ್ರವನ್ನು ದಿಮ್ಮಿಯ ಮೇಲೆ ಹತ್ತಿಸಿ, ಬಾನೆಟ್ ಮೇಲೆ ಮರಳಿನ ಚೀಲ ಹೇರಿ, ಆಕ್ಸಲ್ಲು ಬಂಪ್ ಸ್ಟಾಪಿನ ರಬ್ಬರಿಗೆ ತಾಗುವ ತನಕ ಕೂರಿಸಿ ಅಳೆದರೆ ಹನ್ನೊಂದೂವರೆ. ಶಾಕಪ್ ಪೂರ್ತಿ ಮುಚ್ಚಿದಾಗ ಆ ಹನ್ನೊಂದೂವರೆಗಿಂತ ಗಿಡ್ಡ ಇರಲೇಬೇಕು. ನಾನು ತಂದಿದ್ದದ್ದು 13 ಇಂಚಿಗೇ ಮುಚ್ಚಿ ನಿಲ್ಲುತ್ತಿತ್ತು. ರಬ್ಬರು ತಾಗುವ ಮೊದಲೇ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು, ಆ ಪೆಟ್ಟೆಲ್ಲ ಬ್ರಾಕೆಟ್ಟಿಗೆ. ಎತ್ತರ ಮಾಡಿದ ಗಾಡಿಗೆ ಮಾಡಿದ ಶಾಕಪ್ ಅದು, ನನ್ನ ಗಾಡಿಗೆ ಅಲ್ಲ. ಕೊನೆಗೆ ತಂದದ್ದು ಮುಚ್ಚಿದಾಗ ಹತ್ತೂಮುಕ್ಕಾಲು, ಬಿಚ್ಚಿದಾಗ 18 ಇರುವಂಥದ್ದು.

ಒಂದೇ ಕೊಳವೆಯ ನೈಟ್ರೋಜನ್ ಶಾಕಪ್ ಬಗ್ಗೆ ಆಸೆ ಇತ್ತು. ಬಿಸಿಯಾದರೂ ಅದು ಸೋಲುವುದಿಲ್ಲ. ಆದರೆ ಅದರ ಹೊರಗೋಡೆಯೇ ಪಿಸ್ಟನ್ ಓಡುವ ಗೋಡೆ. ಚಕ್ರದಿಂದ ಸಿಡಿದ ಜಲ್ಲಿ ಒಂದು ಕಡೆ ಕುಳಿ ಮಾಡಿದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎರಡು ಕೊಳವೆಯದಕ್ಕೆ ಹೊರಗೆ ಪೆಟ್ಟು ಬಿದ್ದರೂ ಒಳಗಿನ ಕೊಳವೆ ಬದುಕುತ್ತದೆ. ತೋಟದ ದಾರಿಯಲ್ಲಿ ಓಡುವ ಜೀಪಿಗೆ ಎರಡು ಕೊಳವೆಯದೇ, ನೊರೆಯಾಗದಂತೆ ಒಳಗೆ ಕಡಿಮೆ ಒತ್ತಡದ ಗ್ಯಾಸು ತುಂಬಿದ್ದು ಸಾಕು ಎಂದು ತೀರ್ಮಾನಿಸಿದೆ. ಯಾವ ಕಂಪನಿಯದೆಂದು ಬರೆಯುವುದಿಲ್ಲ, ನನ್ನ ಜೀಪಿನ ಉತ್ತರ ನಿಮ್ಮ ಜೀಪಿನದಲ್ಲ. ಮೊನ್ನೆ ಕೊಡಚಾದ್ರಿಗೆ ಹೋಗಿದ್ದೆ. 1343 ಮೀಟರಿನ ಆ ಗುಡ್ಡಕ್ಕೆ ಜನರನ್ನು ಹೊತ್ತು ಹತ್ತುವ ಜೀಪುಗಳ ಕೆಳಗೆ ಬಗ್ಗಿ ನೋಡಿದೆ. ದಪ್ಪ ಪ್ಲೇಟಿನ ಕಟ್ಟು, ಗಿಡ್ಡ ಗಟ್ಟಿ ಶಾಕಪ್. ದಿನಕ್ಕೆ ಎರಡು ಮೂರು ಸಲ ತುಂಬಿ ಹತ್ತುವ ಗಾಡಿಯಿಂದ ಪ್ಲೇಟು ಇಳಿಸಿ ಎಂದು ಹೇಳಲಿಕ್ಕೆ ನಾನ್ಯಾರು? ಅಲ್ಲಿ ನಮ್ಮ ಹಳೇ ಕಳಸ ಇನ್ನೂ ಓಡುತ್ತಿದೆ.

ಈಗ ನಮ್ಮ ಜೀಪು ಕಾರಿನ ಹಾಗೆ ಹೋಗುತ್ತದೆ ಎಂದರೆ ಸುಳ್ಳಾಗುತ್ತದೆ. ಗುಂಡಿ ಗುಂಡಿಯೇ. ಆದರೆ ಬಿದ್ದ ಮೇಲೆ ಒಂದೇ ಸಲ ಎದ್ದು ನಿಲ್ಲುತ್ತದೆ. ತಿರುವಿನಲ್ಲಿ ಕೊರಕಲು ಸಿಕ್ಕಿದರೆ ಹಿಂಬದಿ ಜಾರಿ ಪಕ್ಕಕ್ಕೆ ಹೋಗುವುದಿಲ್ಲ, ನಾಲ್ಕೂ ಟೈರು ನೆಲ ಕಚ್ಚಿಕೊಂಡಿರುತ್ತವೆ. ಅಮ್ಮ ಎರಡು ವರ್ಷದಿಂದ ಹತ್ತದಿದ್ದವರು ಹೊರನಾಡಿಗೆ ಹೋಗಿಬಂದರು.

ಇಳಿಸಿದ ನಾಲ್ಕು ಪ್ಲೇಟಿನಲ್ಲಿ ಎರಡನ್ನು ಕುಲುಮೆಗೆ ಕೊಟ್ಟೆ. ಅಪ್ಪಯ್ಯ ಹಾಕಿಸಿದ ಎರಡಕ್ಕೆ ಎಣ್ಣೆ ಸವರಿ ಅಟ್ಟದಲ್ಲಿ ಇಟ್ಟಿದ್ದೇನೆ. ಆಮೇಲೆ ಬಾನೆಟ್ ಎತ್ತಿ, ಸಣ್ಣ ಬ್ರಶ್ಶು ಹಿಡಿದು, ಅವರ ಕೊನೆಯ ಸಾಲಿನ ಕೆಳಗೆ ಬಿಳಿ ಪೇಂಟಿನಲ್ಲಿ ಬರೆದೆ: 'ಹಿಂದೆ ಎರಡೆರಡು ಪ್ಲೇಟ್ ಕಮ್ಮಿ. ಎರಡು ಅಟ್ಟದಲ್ಲಿವೆ. ಶಾಕಪ್ ಮುಂದೆ: ಮುಚ್ಚಿ 10¾, ಬಿಚ್ಚಿ 18. ಖಾಲಿ ಗಾಡಿಗೆ.'